ತಂಗಿಯ ತುಟಿ, ತಂಗಿಯ ಕಿವಿ

ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲ. ನನ್ನ ತಂಗಿಯ ಹೆಸರು ಚಿಕ್ಕತಾಯಿ. ಅವಳ ತುಟಿಯ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಬಿಳುಪು ಕಾಣಿಸಿತು. ಮದುವೆಯಾಗಿ ಮದ್ದೂರಿಗೆ ಹೋಗಿ ಆಗಿನ್ನೂ ಒಂದು ವರ್ಷ. ಸುಣ್ಣ ತಾಗಿದೆಯೆಂದು ಉಜ್ಜಿಕೊಂಡಳಂತೆ. ಹೋಗಲಿಲ್ಲ. ಆರು ತಿಂಗಳಲ್ಲಿ ಕಣ್ಣಿನ ಸುತ್ತ, ಬೆರಳ ತುದಿಗೆಲ್ಲ ಹಬ್ಬಿತು. ಗಂಡ ಬಸ್ಸು ಹತ್ತಿಸಿ ಕಳಿಸಿಬಿಟ್ಟ.

ತೊನ್ನು.

ಮಳವಳ್ಳಿಯ ನಮ್ಮ ಮನೆಯಲ್ಲಿ ಅವ್ವ ಅವಳಿಗೆ ಬೇರೆ ತಟ್ಟೆ, ಬೇರೆ ಚಾಪೆ ಮಾಡಿದಳು. ನಾನು ಶಾಲೆಯ ಮೇಷ್ಟರು, ಓದಿದವನು. ನಾನೂ ಸುಮ್ಮನಿದ್ದೆ. ಕೆಲವು ತಿಂಗಳಾದ ಮೇಲೆ ಯಾರಾದರೂ ಕರೆದರೆ ಚಿಕ್ಕತಾಯಿ ಓಗೊಡುವುದನ್ನೇ ಬಿಟ್ಟಳು.

“ಕೊಬ್ಬು ಕಣ್ಲಾ ಇವ್ಳಿಗೆ. ಗಂಡ ಬುಟ್ರೂ ಇಳೀನಿಲ್ಲ,” ಎಂದು ಅವ್ವ ಬೈಯುತ್ತಿದ್ದಳು. ನಾನೂ ಹಾಗೆಯೇ ನಂಬಿದ್ದೆ.

ಒಂದು ಸಂಜೆ ಅವಳು ಹುಲ್ಲಿನ ಹೊರೆ ಹೊತ್ತು ರಸ್ತೆಯ ನಡುವೆಯೇ ಬರುತ್ತಿದ್ದಳು. ಹಿಂದೆ ಬಸ್ಸು ಹಾರನ್ ಹೊಡೆಯುತ್ತಲೇ ಇತ್ತು. ಅವಳು ಸರಿಯಲಿಲ್ಲ. ಸಾಯಲು ಹೊರಟಿದ್ದಾಳೆ ಅನ್ನಿಸಿತು. ಓಡಿಹೋಗಿ ರಟ್ಟೆ ಹಿಡಿದು ಎಳೆದೆ. ಎಲ್ಲರೆದುರು ಕೆನ್ನೆಗೆ ಹೊಡೆದೆ.

“ಯಾಕಣ್ಣ ಒಡ್ದೆ?” ಎಂದಳು. “ಬಸ್ಸು ಸದ್ದೇ ಮಾಡ್ನಿಲ್ವಲ್ಲ.”

ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರು ಟ್ಯೂನಿಂಗ್ ಫೋರ್ಕ್ ಎಂಬ ಗುಂಯ್‌ಗುಡುವ ಉಕ್ಕಿನ ಕವಲನ್ನು ಅವಳ ತಲೆಯ ಮೇಲಿಟ್ಟು ಕಿವಿ ಟೆಸ್ಟ್ ಮಾಡಿದರು. ಬಹಳ ಹೊತ್ತು ತುಟಿಯನ್ನೂ ಕಿವಿಯನ್ನೂ ನೋಡಿದರು.

“ಚರ್ಮಕ್ಕೆ ಬಣ್ಣ ಕೊಡೋ ಪದಾರ್ಥ ಕಿವಿಯ ಒಳಗೂ ಇದೆ ಮೇಷ್ಟ್ರೇ. ಕೆಲವರಿಗೆ ಎರಡು ಕಡೆಯೂ ಕೆಡುತ್ತೇನೋ. ಖಚಿತವಾಗಿ ನಮಗೂ ಗೊತ್ತಿಲ್ಲ. ಔಷಧ ಇಲ್ಲ. ಆದರೆ ಇದು ಅಂಟುರೋಗ ಅಲ್ಲ.”

ಆ ಕೊನೆಯ ಮಾತನ್ನು ಚೀಟಿಯಲ್ಲಿ ಬರೆಸಿಕೊಂಡೆ. ವಾಪಸು ಬರುವಾಗ ರೈಲಿನಲ್ಲಿ, “ತಪ್ಪಾಯ್ತು ಕಣಮ್ಮ,” ಎಂದೆ. ನಾನು ಕೂತದ್ದು ಪೂರ್ತಿ ಹೋಗಿದ್ದ ಬಲಗಿವಿಯ ಕಡೆ. ಅವಳು ಕಿಟಕಿಯಾಚೆ ನೋಡುತ್ತಿದ್ದಳು.

ಮದ್ದೂರಿನಲ್ಲಿ ಇಳಿದು ಅವಳ ಗಂಡನ ಮನೆಗೆ ಹೋದೆವು. ಅತ್ತೆ ಬಾಗಿಲಲ್ಲೇ ತಡೆದಳು. ಚೀಟಿಯನ್ನು ಮುಟ್ಟಲಿಲ್ಲ.

“ತೊನ್ನು ಸಾಲ್ದು ಅಂತ ಕಿವುಡೂ ತಂದ್ಯಾ? ಕರ್ಕೊಂಡೋಗಪ್ಪ. ನನ್ನ ಮಗನ್ಗೆ ಬ್ಯಾರೆ ಎಣ್ಣು ತಂದಿವ್ನಿ.”

ಅವನು ಒಳಗಿನಿಂದ ಹೊರಗೆ ಬರಲೇ ಇಲ್ಲ.

ಬಸ್ ಸ್ಟ್ಯಾಂಡಿನ ದಾರಿಯಲ್ಲಿ ಅವಳ ಎಡಗಿವಿಗೆ ಬಾಯಿಟ್ಟು, “ನಿನ್ ಗಂಡ ಊರಲ್ಲಿಲ್ವಂತೆ. ಇನ್ನೊಂದಿನ ಬರಾನ,” ಎಂದು ಕೂಗಿದೆ.

“ಸುಳ್ಳೇಳ್ಬ್ಯಾಡ ಕಣಣ್ಣ,” ಎಂದಳು. “ನಾನು ಅತ್ತೆ ಬಾಯೇ ನೋಡ್ತಿದ್ದೆ.”

ಮದ್ದೂರಿಗೆ ಹೋಗಿಬಂದದ್ದು ಹೋದ ಬೇಸಗೆಯ ಮಾತು. ಬಿಳುಪು ಈಗ ಕೊರಳಿಗೆ ಇಳಿದಿದೆ. ಎಡಗಿವಿಗೆ ಒಂದಿಷ್ಟು ಕೇಳಿಸುವುದು ಉಳಿದಿದೆ. ಉಳಿದಷ್ಟು ದಿನ ಇರಲಿ. ಶಾಲೆ ಬಿಟ್ಟು ಬಂದು ಅವಳ ಎಡಕ್ಕೆ ಕೂತು ಊರ ಸುದ್ದಿ ಹೇಳುತ್ತೇನೆ. ನಿನ್ನೆ, ಕುರಿಯೊಂದು ಪಾಠದ ನಡುವೆ ಒಳಗೆ ನುಗ್ಗಿ ನನ್ನ ಹಾಜರಿ ಪುಸ್ತಕ ಮೇಯ್ದದ್ದನ್ನು ಹೇಳಿದೆ. ನಕ್ಕಳು. ಇನ್ನೊಂದು ಸಲ ಹೇಳು ಎಂದಳು.

ಹೇಳಿದೆ.