ಮತ್ತು ಸಂಗಡಿಗರು

ಬಾನುಲಿ ಕೇಂದ್ರದಲ್ಲಿ ನಮ್ಮಪ್ಪನನ್ನು ಎಲ್ಲರೂ ಮೋನಪ್ಪ ಎಂದೇ ಕರೆಯುತ್ತಿದ್ದರು. ಅರ್ಧ ಮೋನೋ ರೆಕಾರ್ಡುಗಳ ದೆಸೆಯಿಂದ, ಇನ್ನರ್ಧ ಅವರ ಮೌನದ ದೆಸೆಯಿಂದ. ಕೇಳಿದ್ದಕ್ಕೆ ‘ಹೂಂ’ ಎಂದರೆ ಅದೇ ಅವರ ಮಟ್ಟಿಗೆ ದೊಡ್ಡ ಭಾಷಣ. ಆದರೆ ರೆಕಾರ್ಡಿನ ಮಾತು ಎತ್ತಿದಿರೋ ಮುಗಿಯಿತು, ಹೊತ್ತಿಗೆ ಸರಿಯಾಗಿ ಮನೆ ಸೇರುವ ಆಸೆ ಬಿಡಬೇಕು.

ಹಳೆಯ ರೆಕಾರ್ಡುಗಳ ಪಟ್ಟಿ ಮಾಡುವುದು ಅಪ್ಪನ ಕೆಲಸ. ಕಿಟಕಿಯಿಲ್ಲದ ಉದ್ದನೆಯ ಕೋಣೆ, ಸೂರು ಮುಟ್ಟುವ ಕಬ್ಬಿಣದ ಕಪಾಟುಗಳು, ಹಳೇ ರಟ್ಟಿನ ವಾಸನೆ. ಒಂದೇ ಹಾಡಾದರೂ ಮೋನೋ ತಟ್ಟೆಗೆ ಬಿಳಿ ಕಾರ್ಡು, ಸ್ಟೀರಿಯೊ ತಟ್ಟೆಗೆ ಹಳದಿ ಕಾರ್ಡು. ಹೊದಿಕೆಯ ಮೇಲೆ ಅಚ್ಚಾದದ್ದನ್ನು ಅಪ್ಪ ನಂಬುತ್ತಲೇ ಇರಲಿಲ್ಲ. ಹೊರಗೆ ‘ಸ್ಟೀರಿಯೊ’ ಚೀಟಿ, ಒಳಗೆ ಮೋನೋ ತಟ್ಟೆ, ಇಂಥ ಮೋಸ ಬೇಕಾದಷ್ಟು ನೋಡಿದ್ದರು. ತಟ್ಟೆಯನ್ನು ದೀಪಕ್ಕೆ ಓರೆ ಹಿಡಿದು ಲೇಬಲ್ಲಿನ ಪಕ್ಕ ಗೀರಿದ ಸಂಖ್ಯೆ ಓದುವರು. ಆಮೇಲೆ ಮುಳ್ಳು ಇಳಿಸಿ, ಒಂದು ಸ್ಪೀಕರ್ ಮುಚ್ಚಿ ಇನ್ನೊಂದರಲ್ಲಿ ಕೇಳುವರು. ಎರಡರಲ್ಲೂ ಒಂದೇ ಬಂದರೆ ಮೋನೋ, ಬೇರೆ ಬೇರೆ ಬಂದರೆ ಸ್ಟೀರಿಯೊ.

“ಹಾಡು ಒಂದೇ ತಾನೇ, ಎರಡೆರಡು ಕಾರ್ಡು ಯಾಕ್ರೀ?” ಎಂದು ಮೇಲಧಿಕಾರಿ ರೇಗುತ್ತಿದ್ದರು.

“ಹಾಡು ಒಂದೇ ಸಾರ್. ಕೇಳ್ಸೋದು ಬೇರೆ,” ಎಂದು ಅಪ್ಪ ಮತ್ತೆ ತಲೆ ತಗ್ಗಿಸುತ್ತಿದ್ದರು.

ನಾನು ಹುಟ್ಟಿದ ಕೆಲವೇ ತಿಂಗಳಲ್ಲಿ ಅಮ್ಮ ತೀರಿಕೊಂಡಳು. ಮದುವೆಗೆ ಮುಂಚೆ ಅವಳು ಒಂದೇ ಒಂದು ರೆಕಾರ್ಡಿಗೆ ಹಿಮ್ಮೇಳದಲ್ಲಿ ಹಾಡಿದ್ದಳು. ಲೇಬಲ್ಲಿನ ಮೇಲೆ ಗಾಯಕಿಯ ಹೆಸರು ದಪ್ಪಕ್ಷರದಲ್ಲಿದೆ. ಅದರ ಕೆಳಗೆ ಸಣ್ಣಗೆ ‘ಮತ್ತು ಸಂಗಡಿಗರು’. ಆ ಸಂಗಡಿಗರಲ್ಲಿ ನಮ್ಮಮ್ಮ ಇದ್ದಾಳೆ.

ಮನೆಯಲ್ಲಿ ಅದರ ಮೋನೋ ಪ್ರತಿ ಇತ್ತು. ಅಮ್ಮ ಹೋದ ಮೇಲೆ ಅಪ್ಪ ಹುಡುಕಿ ತಂದದ್ದು. “ಈಗ ಬರುತ್ತೆ ನೋಡು, ಆ ಮೇಲಿನ ದನಿ, ಅದೇ ನಿಮ್ಮಮ್ಮ,” ಎಂದು ಬೆರಳೆತ್ತುತ್ತಿದ್ದರು. ಗಾಯಕಿ, ಪಿಟೀಲು, ಹಿಮ್ಮೇಳ ಎಲ್ಲ ಒಂದೇ ಗಂಟಾಗಿ ಬರುತ್ತಿತ್ತು. ನನಗೆ ಅಮ್ಮ ಸಿಗುತ್ತಿರಲಿಲ್ಲ. ಅಪ್ಪನ ಕಣ್ಣು ತುಂಬಿರುವುದನ್ನು ನೋಡಿ ಸುಮ್ಮನೆ ತಲೆಯಾಡಿಸುತ್ತಿದ್ದೆ. ಅಮ್ಮನ ದನಿ ಇಂಥದ್ದು ಎಂದು ಒಮ್ಮೆ ತಿಳಿದರೆ ಸಾಕು, ಬೇರೇನೂ ಬೇಡ ಅನ್ನಿಸುತ್ತಿತ್ತು. ಅಪ್ಪನಿಗೂ ಅದು ಗೊತ್ತಿತ್ತು.

“ಸ್ಟೀರಿಯೊ ಸಿಕ್ಕಲಿ ತಾಳು, ಬಿಡಿಸಿ ಕೊಡ್ತೀನಿ,” ಎನ್ನುತ್ತಿದ್ದರು, ಹಣ್ಣು ಸುಲಿದು ತೊಳೆ ಕೊಡುವವರ ಹಾಗೆ.

ಅವರು ನಿವೃತ್ತರಾಗುವ ವರ್ಷ ಅದು ಸಿಕ್ಕಿತು. ಯಾರೋ ಮನೆ ಖಾಲಿ ಮಾಡುವಾಗ ಕೇಂದ್ರಕ್ಕೆ ಕೊಟ್ಟ ಪೆಟ್ಟಿಗೆಯೊಂದರ ತಳದಲ್ಲಿತ್ತಂತೆ. ಅಪ್ಪ ನನ್ನ ಕಚೇರಿಗೆ ಫೋನು ಮಾಡಿ “ಬಾ” ಎಂದಷ್ಟೇ ಹೇಳಿ ಇಟ್ಟರು. ಎದ್ದೆನೋ ಬಿದ್ದೆನೋ ಎಂದು ಓಡಿದೆ. ಗೀರಿದ ಸಂಖ್ಯೆ ನೋಡಿ ಸ್ಟೀರಿಯೊ ಎಂದು ಖಚಿತ ಮಾಡಿಕೊಂಡಿದ್ದರು, ಆದರೆ ಕೇಳಿರಲಿಲ್ಲ. ಒಬ್ಬರೇ ಕೇಳಲು ಮನಸ್ಸು ಬರಲಿಲ್ಲವಂತೆ.

ಮುಳ್ಳು ಇಳಿಸಿ, ಎಡಗಡೆಯ ಸ್ಪೀಕರ್ ಮುಚ್ಚಿದರು. ಗಾಯಕಿ ಹೋದಳು, ಪಿಟೀಲೂ ಹೋಯಿತು. ಬಲಗಡೆ ಇಬ್ಬರೇ ಹೆಂಗಸರು ಉಳಿದರು. ಒಬ್ಬಳದು ತಿಳಿಯಾದ ಮೇಲಿನ ದನಿ. ಇನ್ನೊಬ್ಬಳದು ದಪ್ಪ, ತಗ್ಗಿನ ದನಿ. ಅದನ್ನು ಇಷ್ಟು ವರ್ಷ ಪಿಟೀಲು ನುಂಗಿಕೊಂಡಿತ್ತು.

“ಕೇಳ್ತಾ? ಮೇಲಿನದು,” ಎಂದರು ಅಪ್ಪ.

ಕೇಳಿದೆ. ನಿಜವಾಗಿಯೂ ಇಂಪಾಗಿತ್ತು, ನನಗೂ ಅಳು ಬಂತು. ಆದರೆ ಮುದ್ರಣಾಲಯದಲ್ಲಿ ದಿನವಿಡೀ ಕರಡು ತಿದ್ದುವವಳ ಕಿವಿ ಸುಮ್ಮನಿರಬೇಕಲ್ಲ!

“ಅಪ್ಪಾ, ಆ ಇನ್ನೊಬ್ಬಳು ಯಾರು? ಬೆಳಕು ಅನ್ನೋದನ್ನ ಬೆಲಕು ಬೆಲಕು ಅಂತಿದ್ದಾಳೆ. ಇವಳನ್ನ ಯಾರಪ್ಪಾ ಹಾಡಕ್ಕೆ ಕರೆದ್ರು?” ಎಂದು ಕಣ್ಣೊರೆಸಿಕೊಳ್ಳುತ್ತ ನಕ್ಕೆ.

ಅಪ್ಪ ನಗಲಿಲ್ಲ. ಮುಳ್ಳನ್ನೆತ್ತಿ ಹಿಂದಕ್ಕಿಟ್ಟರು. ಮತ್ತೆ ‘ಬೆಲಕು’ ಬಂತು.

“ನಿಮ್ಮಮ್ಮನಿಗೆ ಳ ಹೊರಳ್ತಿರಲಿಲ್ಲ,” ಎಂದರು. “ಬಾಗಿಲು ತೆಗೆದು ‘ಒಲಗೆ ಬನ್ನಿ’ ಅಂತಿದ್ದಳು. ನಾನು ಗೇಲಿ ಮಾಡ್ತಿದ್ದೆ. ಅದನ್ನ ಹೇಗೆ ಮರೆತೆ ನಾನು?”

ಅಪ್ಪ ಇಷ್ಟು ಕಾಲ ಕಣ್ಣೀರು ಹಾಕಿದ್ದು ಯಾರೋ ಹೆಸರು ತಿಳಿಯದ ಹೆಂಗಸಿನ ದನಿಗೆ. ಹಿಮ್ಮೇಳದಲ್ಲಿ ಕಿವಿಗೆ ಬಿದ್ದ ಇಂಪಾದ ದನಿಯೇ ತನ್ನವಳದ್ದು ಎಂದುಕೊಂಡಿದ್ದರು, ಅಷ್ಟೇ. ಯಾವ ಗಂಡ ತಾನೇ ಬೇರೆ ಥರ ಅಂದುಕೊಂಡಾನು? ನಾನಂತೂ ಹುಟ್ಟಿದಾಗಿನಿಂದ ಕಾದಿದ್ದ ದನಿ ಕಿವಿಗೆ ಬಿದ್ದ ಕೂಡಲೇ ತಪ್ಪು ಹಿಡಿದು ನಕ್ಕಿದ್ದೆ.

ಅಪ್ಪ ಸ್ಪೀಕರಿನ ಮುಂದೆ ನೆಲದ ಮೇಲೆ ಕೂತುಬಿಟ್ಟರು. ನಾನೂ ಪಕ್ಕದಲ್ಲಿ ಕೂತೆ. ಆ ದಪ್ಪ ದನಿ, ಈಗ ಕೇಳಿಸದ ಗಾಯಕಿಯ ಹಿಂದೆ ಹಿಂದೆಯೇ, ಪ್ರತಿ ಸಾಲಿಗೂ ಶ್ರದ್ಧೆಯಿಂದ ಬೆಲಕು ಎನ್ನುತ್ತ ಕೊನೆಯವರೆಗೂ ಹಾಡಿತು.

“ತಪ್ಪಾಯ್ತು ಕಣೇ,” ಎಂದರು ಅಪ್ಪ, ಸ್ಪೀಕರಿನ ಕಡೆಗೆ ನೋಡುತ್ತ.

ನಾನೂ ಅದನ್ನೇ ಹೇಳಬೇಕಿತ್ತು. ಆದರೆ ಅಮ್ಮಾ ಎಂದು ಕರೆದು ನನಗೆ ರೂಢಿಯಿರಲಿಲ್ಲ.