ಹೊಸ ಬಣ್ಣದ ಹಳೆ ದೋಣಿ

ಕುಮಟಾ ಪೇಟೆಯಲ್ಲಿ ನನ್ನದು ಬಟ್ಟೆ ಅಂಗಡಿ. ಬಣ್ಣ ನೋಡಿ ಮರುಳಾಗುವವರನ್ನು ದಿನಾ ಕಾಣುತ್ತೇನೆ. ಹಾಗಾಗಿ ಕೊಳ್ಳಲೆಂದು ತೆಂಗಿನಗುಂಡಿ ಊರಿನಲ್ಲಿ ನೋಡಿದ ಹಳೇ ಅಲ್ಯೂಮಿನಿಯಂ ದೋಣಿಯ ನೀಲಿ ಬಣ್ಣ ಇನ್ನೂ ವಾಸನೆ ಬಿಡುತ್ತಿದ್ದುದು ನನಗೆ ಸರಿಬರಲಿಲ್ಲ. ಹಳೇ ದೋಣಿಗೆ ಮಾರುವ ಹೊತ್ತಿಗೇ ಯಾಕೆ ಸಿಂಗಾರ?

ಭಾನುವಾರ ಮನೆಮಂದಿಯೆಲ್ಲ ಹೊಳೆಯಲ್ಲಿ ಗಾಳ ಹಾಕಿ ಕೂರಬೇಕೆಂಬುದು ನನ್ನ ಬಹಳ ದಿನದ ಆಸೆ. ಆದರೆ ಹೆಂಡತಿ ಮೊದಲೇ ಹೇಳಿಬಿಟ್ಟಿದ್ದಳು: "ನಂಗೆ ಧೈರ್ಯ ಬರೂವರೆಗೆ ನಾನೂ ಹತ್ತೂದಿಲ್ಲ, ಮಗಳನ್ನೂ ಹತ್ತಿಸೂದಿಲ್ಲ." ಅವರಿಬ್ಬರಿಲ್ಲದೆ ದೋಣಿ ಕೊಂಡು ನಾನೇನು ಮಾಡಲಿ? ಅವರಿಬ್ಬರನ್ನೂ ಜೊತೆಗೆ ಕರೆದುಕೊಂಡು ಚೂರೂ ಸೋರದ ದೋಣಿ ಹುಡುಕುವುದೇ ನನ್ನ ಕೆಲಸವಾಯಿತು.

ತೆಂಗಿನಗುಂಡಿಯ ದೋಣಿಯವನು ನಾವು ಕೇಳುವ ಮೊದಲೇ ಎಳನೀರು ಕೆತ್ತಿಸಿಕೊಟ್ಟ. ಅದು ಇನ್ನೊಂದು ಅನುಮಾನ. ನಾನು ದೋಣಿಯ ತಳವನ್ನು ಉಗುರಿನಿಂದ ಕೆರೆಯುತ್ತಿದ್ದರೆ ಆತ ಅದರ ಗುಣಗಾನ ಮಾಡುತ್ತಲೇ ಇದ್ದ.

"ಆತು, ಒಂದು ಸುತ್ತು ಹೋಗ್ವ. ನಿಮ್ಮ ಮನೆಯವ್ರನ್ನೂ ಕರೀರಿ" ಎಂದೆ. ಇದು ನಾನೇ ಕಂಡುಹಿಡಿದ ಪರೀಕ್ಷೆ. ಬಾಯಲ್ಲಿ ಎಷ್ಟೇ ಸುಳ್ಳು ಹೇಳಲಿ, ಸೋರುವ ದೋಣಿಯಲ್ಲಿ ಯಾರೂ ತಮ್ಮವರನ್ನು ಕೂರಿಸುವುದಿಲ್ಲ.

"ನಾನೆಂತಕ್ಕೆ? ಒಲೆ ಮೇಲೆ ಅನ್ನ ಇಟ್ಟಿದ್ದೆ" ಎಂದು ಬಾಗಿಲಲ್ಲಿದ್ದ ಅವನ ಹೆಂಡತಿ ಒಳಗೆ ಹೋದಳು. ನಾವು ಎಳನೀರು ಮುಗಿಸಿ ಎದ್ದೆವು.

ಕರ್ಕಿಯ ದೋಣಿಗೆ ಬಣ್ಣವೇ ಇರಲಿಲ್ಲ. ಬದಿಯೆಲ್ಲ ತಗ್ಗುಬಿದ್ದಿತ್ತು, ಮೂತಿಯ ಹತ್ತಿರ ಅಂಗೈಯಗಲದ ತೇಪೆ. "ಬಂಡೆಗೆ ತಾಗಿತ್ತು, ಬೆಸುಗೆ ಹಾಕ್ಸಿದ್ದೆ" ಎಂದು ಮಾಲೀಕ ತಾನಾಗಿಯೇ ತೋರಿಸಿದ. ಒಂದನ್ನು ತೋರಿಸಿ ಇನ್ನೆಷ್ಟು ಮುಚ್ಚಿಟ್ಟಿದ್ದಾನೋ! ಇಲ್ಲೂ ಮನೆಯವರನ್ನು ಕರೆಯಲು ಹೇಳಿದೆ.

ಅವನ ವಯಸ್ಸಾದ ತಾಯಿ ಸೀರೆ ಎತ್ತಿಕಟ್ಟಿ ಎಲ್ಲರಿಗಿಂತ ಮೊದಲು ಹತ್ತಿ, ನಡುಹಲಗೆಯ ಮೇಲೆ ಕೂತು ಎಲೆಯಡಿಕೆ ಚೀಲ ಬಿಚ್ಚಿದರು. ಮಾಲೀಕ ಹುಟ್ಟು ಹಿಡಿದ. ನಾನು ಕರೆಯುವ ಮೊದಲೇ ನನ್ನ ಹೆಂಡತಿ ಮಗಳ ಕೈಹಿಡಿದು ಹತ್ತಿ ಕೂತಳು. ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಹೊಳೆಯಲ್ಲಿ ಒಂದು ಸುತ್ತು ಹಾಕಿ ಬಂದ ಮೇಲೆ ತಳವನ್ನು ಅಂಗೈಯಿಂದ ಸವರಿ ನೋಡಿದೆ. ಒಣಗಿಯೇ ಇತ್ತು.

ತಲೆಯೆತ್ತಿದರೆ ಅಜ್ಜಿ ನನ್ನನ್ನೇ ದಿಟ್ಟಿಸುತ್ತಿದ್ದರು, ನಾನು ದೋಣಿಯ ತಳ ನೋಡಿದ ಹಾಗೆ.

"ತಮಾ, ನಿಂಗೆ ಈಜೂಕೆ ಬತ್ತದ್ಯಾ?"

"ಇಲ್ಲ ಅಮ್ಮ."

"ಹುಟ್ಟು ಹಾಕೂಕೆ?"

"ಕಲೀಬೇಕು."

ಅವರು ಮಗನ ಕಡೆ ತಿರುಗಿದರು. "ಇವಂಗೆ ಈಗ್ಲೇ ಕೊಡಬೇಡ. ಮೊದ್ಲು ಇಲ್ಲಿ ಬಂದು ಕಲ್ತ್ಕಣ್ಲಿ."

ನನಗೆ ಸಿಟ್ಟು ನೆತ್ತಿಗೇರಿತು. ಕೊಳ್ಳುವವನು ನಾನು, ಪರೀಕ್ಷೆಯೂ ನನಗೇ? "ದೋಣಿ ಸರಿ ಇದೆ, ನೀನೂ ಹತ್ತಿದೆಯಲ್ಲ, ಹೇಳು" ಎಂದು ಹೆಂಡತಿಯನ್ನು ಕರೆದೆ.

ಅವಳು ಮಗಳನ್ನು ಇಳಿಸಿಕೊಳ್ಳುತ್ತಿದ್ದಳು. "ಇವತ್ತು ಹುಟ್ಟು ಅವ್ರ ಕೈಲಿತ್ತು" ಎಂದಳು. "ಅದಕ್ಕೇ ಹತ್ತಿದ್ದು."