ಅಜ್ಜನ ಬಿಲ್ಲೆ, ಅತ್ತೆಯ ಹುಣಸೆಹಣ್ಣು

ಕುಮಟಾ–ಭಟ್ಕಳ ಬಸ್ಸಿನಲ್ಲಿ ನಾನು ಕಂಡಕ್ಟರ್. ದಿನಕ್ಕೆ ಎರಡು ಸಲ ಹೋಗುತ್ತೇನೆ, ಎರಡು ಸಲ ಬರುತ್ತೇನೆ, ನಡುವೆ ಹೊನ್ನಾವರದಲ್ಲಿ ಚಾ. ನನ್ನ ಬಾಯಿ ಜೋರು ಅಂತ ಈ ಮೂರೂ ಊರುಗಳಲ್ಲಿ ಹೆಸರಿದೆ. ಇರಲಿ. ಬಾಗಿಲಲ್ಲಿ ನೇತಾಡುವವರನ್ನು ಒಳಗೆ ತಳ್ಳಲು ಮೆತ್ತಗಿನ ಬಾಯಿ ಸಾಲುವುದಿಲ್ಲ.

ಕೆಲಸಕ್ಕೆ ಸೇರಿದ ದಿನ ಅತ್ತೆ, ಅಂದರೆ ನನ್ನ ಅಪ್ಪನ ಅಕ್ಕ, ನನ್ನ ಸೀಟಿಯ ದಾರಕ್ಕೆ ಒಂದು ಹಿತ್ತಾಳೆ ಬಿಲ್ಲೆ ಕಟ್ಟಿದ್ದಳು. ಎಂಟು ಮೂಲೆಯ ಬಿಲ್ಲೆ, ಮೇಲೊಂದು ತೂತು. ನಮ್ಮ ಮನೆಯ ಮಕ್ಕಳೆಲ್ಲ ಉಡಿದಾರದಲ್ಲಿ ಅದನ್ನು ಕಟ್ಟಿಕೊಂಡೇ ಅಂಬೆಗಾಲಿಟ್ಟದ್ದು. "ಯಾರ ಕಣ್ಣೂ ತಾಗೂದಿಲ್ಲ, ಅಜ್ಜ ನೋಡ್ಕಂತ" ಅಂದಿದ್ದಳು.

ಆ ಬಿಲ್ಲೆ ತಂದವನು ಅಜ್ಜ. ಕುಮಟಾ ಹತ್ತಿರದ ಬಾಡದಲ್ಲಿ ದೋಣಿ ಕಟ್ಟುವ ಬಡಗಿಯಾಗಿದ್ದವನು ಹರೆಯದಲ್ಲಿ ಕೋಲಾರದ ಕಡೆ ಚಿನ್ನದ ಗಣಿಗೆ ಹೋದನಂತೆ. ಕೆಲವು ವರ್ಷ ಬಿಟ್ಟು ಬಂದ. ಊರವರು ಚಿನ್ನ ನೋಡಲು ಅಂಗಳದಲ್ಲಿ ಸೇರಿದರೆ, ಅವನ ಪೆಟ್ಟಿಗೆಯಲ್ಲಿ ಇದ್ದದ್ದು ಎರಡು ಪಂಚೆ, ಒಂದು ಉಳಿ, ಈ ಬಿಲ್ಲೆ. "ಚಿನ್ನದ ಗಣಿಗೆ ಹೋಗಿ ಹಿತ್ತಾಳೆ ತಂದ" ಎಂಬುದು ನಮ್ಮ ಕೇರಿಯಲ್ಲಿ ಗಾದೆಯೇ ಆಗಿಹೋಯಿತು. ಬರಬರುತ್ತಾ ಅವನು ಗಣಿಗೆ ಹೋಗಿದ್ದೇ ಸುಳ್ಳು, ಗೋವೆಯಲ್ಲಿ ಎಲ್ಲೋ ತಿರುಗಾಡಿ ಬಂದ ಅಂತಲೂ ಮಾತು ಹುಟ್ಟಿತು. ಶಾಲೆಯ ಎರಡನೇ ಇಯತ್ತೆಯಲ್ಲಿ ಆ ಮಾತು ಆಡಿದ ಹುಡುಗಿಯೊಬ್ಬಳ ತಲೆಯ ಮೇಲೆ ಅತ್ತೆ ತನ್ನ ಬರೆಯುವ ಪಾಟಿ ಒಡೆದಳು. ಅಲ್ಲಿಗೆ ಅತ್ತೆಯ ವಿದ್ಯಾಭ್ಯಾಸ ಮುಗಿಯಿತು. ನನ್ನ ಬಾಯಿ ಎಲ್ಲಿಂದ ಬಂತು ಎಂದು ಕೇಳುವವರಿಗೆ ಇಷ್ಟು ಸಾಕು.

ಹೋದ ವರ್ಷ ಊರಿನ ಶಾಲೆಯಲ್ಲಿ ಹಿರಿಯರ ಪ್ರದರ್ಶನ ಮಾಡುವುದೆಂದು ಆಯಿತು. ಪ್ರತಿ ಮನೆಯಿಂದ ಒಬ್ಬರು ಹಿರಿಯರ ಫೋಟೊ, ಕೆಳಗೆ ಅವರು ಏನು ಮಾಡುತ್ತಿದ್ದರು ಎಂಬ ಒಂದು ಸಾಲು. ಶಾಲೆಯ ಮಾಸ್ತರರು ಪಟ್ಟಿ ಹಿಡಿದು ನಮ್ಮ ಮನೆಗೂ ಬಂದರು. ಅಜ್ಜನ ಫೋಟೊ ಯಾರೂ ತೆಗೆದಿರಲಿಲ್ಲ.

"ಫೋಟೊ ಇಲ್ದಿದ್ರೆ ಇಲ್ಲ, ಸಾಲು ಬರೀರಿ. ಚಿನ್ನದ ಗಣೀಲಿ ಕೆಲ್ಸ ಮಾಡಿದವ" ಎಂದಳು ಅತ್ತೆ.

ಮಾಸ್ತರರು ಒಳ್ಳೆಯವರೇ. ಪೆನ್ನು ಹಿಡಿದುಕೊಂಡು ಚಡಪಡಿಸಿದರು. "ಎಂತಾದ್ರೂ ದಾಖಲೆ ಇದ್ದಿದ್ರೆ ಚೊಲೋ ಆಗ್ತಿತ್ತು ಅಕ್ಕ. ಊರವರು ತಕರಾರು ತೆಗೀತಾರೆ. ಬಡಗಿ ಅಂತ ಬರೆಯುವ, ಆಗ್ದಾ?"

"ಹಂಗಾದ್ರೆ ಬರೀಲೇ ಬೇಡಿ."

ಅವರು ಹೋದ ಮೇಲೆ ಅತ್ತೆ ಜಗಲಿಯಲ್ಲಿ ಕುಳಿತಳು. "ನಾ ಕಣ್ಣು ಮುಚ್ಚೂದ್ರೊಳಗೆ ಅಪ್ಪ ಸುಳ್ಳ ಅಲ್ಲ ಅಂತ ಯಾರಾದ್ರೂ ಬರೆದದ್ದು ನೋಡ್ಬೇಕು ತಂಗಿ" ಎಂದು ನನಗೆ ಹೇಳಿದಳು. ಅತ್ತೆ ಹಾಗೆಲ್ಲ ಏನನ್ನೂ ಬೇಡುವವಳಲ್ಲ. ನನಗೆ ಮಾಸ್ತರರ ಮೇಲೂ ಊರಿನ ಮೇಲೂ ಮೈ ಉರಿಯಿತು. ಪ್ರದರ್ಶನಕ್ಕೆ ಹತ್ತು ದಿನ ಇತ್ತು.

ಕಾಕತಾಳೀಯ ಅನ್ನಿ, ಅಜ್ಜನೇ ಕಳಿಸಿದ ಅನ್ನಿ. ಅದೇ ವಾರ ಹೊನ್ನಾವರದಲ್ಲಿ ವಯಸ್ಸಾದವರೊಬ್ಬರು ಹೆಂಡತಿಯ ಜೊತೆ ಬಸ್ಸು ಹತ್ತಿದರು. ಮುರ್ಡೇಶ್ವರಕ್ಕೆ ಎರಡು ಟಿಕೆಟ್ ಕೇಳಿದವರು ಟಿಕೆಟ್ ತೆಗೆದುಕೊಳ್ಳದೆ ನನ್ನ ಸೀಟಿಯ ದಾರವನ್ನೇ ನೋಡುತ್ತಿದ್ದರು. ನಾನು ಬಯ್ಯಲು ಬಾಯಿ ತೆರೆದಿದ್ದೆ.

"ಅಮ್ಮಾ, ಈ ಬಿಲ್ಲೆ ನಿಮಗೆ ಎಲ್ಲಿ ಸಿಕ್ಕಿತು?"

ನನ್ನ ಅಜ್ಜನದು ಎಂದೆ. ಅವರು ಗಣಿಯ ಊರಿನವರೇ. ತಮಿಳು ಬೆರೆತ ಕನ್ನಡ. ತಂದೆ ಗಣಿಯಲ್ಲಿದ್ದರು, ಇವರು ಮೇಷ್ಟ್ರಾಗಿ ನಿವೃತ್ತರಾದವರು. ಗಣಿ ಮುಚ್ಚಿದ ಮೇಲೆ ಗುಜರಿಗೆ ಹೋಗುತ್ತಿದ್ದ ದೀಪ, ಟೋಪಿ, ಹಾಜರಿ ಪುಸ್ತಕಗಳನ್ನು ತಂದು ತಮ್ಮ ಮನೆಯ ಒಂದು ಕೋಣೆಯಲ್ಲಿ ತುಂಬಿಸಿದ್ದಾರಂತೆ. "ಮಲಗೋಕೆ ಜಾಗ ಇಲ್ಲ" ಎಂದು ಅವರ ಹೆಂಡತಿ ಕಿಟಕಿಯ ಕಡೆ ನೋಡುತ್ತಲೇ ಹೇಳಿದರು.

ಪ್ರತಿ ಆಳಿಗೂ ಒಂದು ನಂಬರಿನ ಬಿಲ್ಲೆ, ಗಣಿಯ ಬಾಯಲ್ಲಿ ಅದಕ್ಕೊಂದು ಮೊಳೆ ಎಂದು ಮೇಷ್ಟ್ರು ವಿವರಿಸಿದರು. ಗಣಿಗೆ ಇಳಿಯುವಾಗ ಬಿಲ್ಲೆ ಜೊತೆಗೆ ಒಯ್ಯಬೇಕು, ಮೇಲೆ ಬಂದು ಮೊಳೆಗೆ ಹಾಕಬೇಕು. ಮೊಳೆ ಖಾಲಿ ಇದ್ದರೆ ಆಳು ಇನ್ನೂ ಒಳಗಿದ್ದಾನೆ ಎಂದೇ ಅರ್ಥ. "ನಿಮ್ಮ ತಾತ ಬಿಲ್ಲೆ ಊರಿಗೇ ತಂದುಬಿಟ್ಟಿದ್ದಾರೆ. ಆ ಪ್ರಕಾರ ಅವರು ಇನ್ನೂ ಕೆಳಗೇ ಇದ್ದಾರೆ ನೋಡಿ" ಎಂದು ನಕ್ಕರು. ನಂಬರು ಹೇಳಿದರೆ ಪುಸ್ತಕದಲ್ಲಿ ಹುಡುಕುತ್ತೇನೆ ಎಂದರು.

ಬಿಲ್ಲೆ ತಿರುಗಿಸಿ ನೋಡಿದೆವು. ನಂಬರು ಇರಲಿಲ್ಲ. ಬಿಸಿಲಿಗೆ ಹಿಡಿದರೆ ಮೊದಲಲ್ಲಿ ಒಂದು ಏಳರ ನೆರಳು, ಆಮೇಲೆ ಬರೀ ನುಣುಪು. ಮುರ್ಡೇಶ್ವರ ಹತ್ತಿರವಾಗುವವರೆಗೂ ಅವರು ಕನ್ನಡಕ ಹಾಕಿ ತೆಗೆದು ನೋಡಿದರು. ಹಿಂದಿನ ಸೀಟಿನವರೊಬ್ಬರು ಟಿಕೆಟ್ ಕೇಳಿ ಕೇಳಿ ಸೋತಿದ್ದರು. "ತಡೀರಿ ಮಾರಾಯ್ರೆ, ನಿಮ್ಮ ಊರು ಎಲ್ಲಿಗೂ ಓಡಿಹೋಗೂದಿಲ್ಲ" ಎಂದೆ. ಮೇಷ್ಟ್ರು ತಮ್ಮ ಫೋನ್ ನಂಬರು ಕೊಟ್ಟು ಇಳಿದರು.

ನಂಬರು ಎಲ್ಲಿ ಹೋಯಿತು ಎಂದು ನನಗೆ ಗೊತ್ತಿತ್ತು. ದೀಪಾವಳಿಗೆ ನೀರು ತುಂಬುವ ದಿನ ನಮ್ಮಲ್ಲಿ ಹಂಡೆ ತೊಳೆದು, ಹಿಂಡಲಕಾಯಿ ಬಳ್ಳಿ ಸುತ್ತಿ, ಪೂಜೆ ಮಾಡುತ್ತೇವೆ. ಹಂಡೆಗಿಂತ ಮೊದಲು ಅತ್ತೆ ತೊಳೆಯುವುದು ಬಿಲ್ಲೆಯನ್ನು. ಹುಣಸೆಹಣ್ಣು, ಒಲೆಯ ಬೂದಿ, ತೆಂಗಿನ ನಾರು, ಮೇಲೆ ಅತ್ತೆಯ ಕೈ. ಎಪ್ಪತ್ತು ವರ್ಷ ಹಾಗೆ ಉಜ್ಜಿದರೆ ಕಲ್ಲೂ ಸವೆಯುತ್ತದೆ.

ಹೇಳಬಾರದಿತ್ತು, ಮನೆಗೆ ಬಂದು ಮೊಳೆಯ ಕಥೆ, ನಂಬರಿನ ಕಥೆ ಎಲ್ಲ ಅತ್ತೆಗೆ ಹೇಳಿಬಿಟ್ಟೆ. ಅತ್ತೆ ಬಿಲ್ಲೆಯನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದಳು.

"ನಾನೇ ಅಳ್ಸಿದ್ನಾ?"

"ನಿಂಗೆ ಎಂತ ಗೊತ್ತಿತ್ತು ಅತ್ತೆ."

"ನಾ ಹೊಳಪು ನೋಡ್ದೆ ತಂಗಿ. ಅಂಕಿ ನೋಡ್ಲಿಲ್ಲ."

ಅವತ್ತು ಬಂಗಡೆ ಸಾರು ಮಾಡಿದ್ದೆ. ಅತ್ತೆ ಊಟಕ್ಕೆ ಏಳಲಿಲ್ಲ. ಬಂಗಡೆ ಬೇಡ ಎಂದ ಅತ್ತೆಯನ್ನು ನಾನು ಅದೇ ಮೊದಲು ನೋಡಿದ್ದು. ನನ್ನ ನಾಲಿಗೆಗೆ ನಾನೇ ಶಾಪ ಹಾಕಿಕೊಂಡೆ.

ಮೂರು ದಿನ ಹೀಗೇ ಹೋಯಿತು. ನಾಲ್ಕನೆಯ ದಿನ ನನಗೆ ರಜೆ. ಪಕ್ಕದ ಮನೆಯಲ್ಲಿ ಮದುವೆ ಮುಗಿದಿತ್ತು, ಎರವಲು ತಂದ ಪಾತ್ರೆಗಳನ್ನೆಲ್ಲ ಮನೆಮನೆಗೆ ಮುಟ್ಟಿಸುತ್ತಿದ್ದರು. ಆ ಮನೆಯ ಅಕ್ಕ ನಮ್ಮ ತಾಮ್ರದ ಹಂಡೆಯನ್ನು ಸೊಂಟಕ್ಕಿಟ್ಟುಕೊಂಡು ಬಂದು ಜಗಲಿಯಲ್ಲಿ ಇಳಿಸಿದಳು.

"ತಕಳೇ, ನಿಮ್ದೇ. ಕಂಠದಲ್ಲಿ ಗುರುತು ಅದೆ ನೋಡು, ಏಳು ಸೊನ್ನೆ ಒಂಬತ್ತು."

ಮದುವೆಮನೆಗೆ ಹೋದ ಪಾತ್ರೆ ಅದಲುಬದಲಾಗದಂತೆ ನಮ್ಮ ಕೇರಿಯಲ್ಲಿ ಪ್ರತಿ ಮನೆಗೂ ಒಂದು ಗುರುತು. ಬೇರೆಯವರದು ಹೆಸರಿನ ಮೊದಲ ಅಕ್ಷರ, ನಮ್ಮದು ಏಳು ಸೊನ್ನೆ ಒಂಬತ್ತು. ಹಂಡೆ, ಕೊಡ, ಚೆಂಬು, ತೆಂಗಿನಕಾಯಿ ತುರಿಯುವ ಮಣೆ, ಎಲ್ಲದರ ಮೇಲೂ ಚುಕ್ಕಿ ಚುಕ್ಕಿಯಾಗಿ ಅದೇ. ಹುಟ್ಟಿದಾಗಿನಿಂದ ನೋಡಿದ್ದೇನೆ. ಕರೆಂಟಿನ ಮೀಟರ್ ನಂಬರು ಇರಬೇಕು ಅಂದುಕೊಂಡಿದ್ದೆ. ಕರೆಂಟು ಬಂದದ್ದು ಅಪ್ಪನ ಮದುವೆಯ ನಂತರ, ಹಂಡೆ ಅಜ್ಜನ ಕಾಲದ್ದು. ಆದರೂ ನಲವತ್ತು ವರ್ಷ ಹಾಗೇ ಅಂದುಕೊಂಡಿದ್ದೆ. ಸಾವಿರ ಜನರ ಟಿಕೆಟ್ ಲೆಕ್ಕ ಇಡುವ ತಲೆ ಇದು.

"ಅತ್ತೆ, ಈ ಗುರುತು ಯಾರು ಹಾಕ್ಸಿದ್ದು?"

"ಯಾರೂ ಹಾಕ್ಸಿದ್ದಲ್ಲ. ಅಪ್ಪನೇ ಉಳಿ ತಕಂಡು ಕುಟ್ಟಿದ್ದು." ಅತ್ತೆ ಹೇಳುತ್ತಾ ಹೇಳುತ್ತಾ ನಿಧಾನವಾದಳು. "ಅವಂಗೆ ಅಕ್ಷರ ಬರ್ತಿರ್ಲಿಲ್ಲ. ಎಂತ ಬರೀ ಅಂದ್ರೂ ಅದನ್ನೇ ಬರೀತಿದ್ದ. ಅಷ್ಟೇ ಬರ್ತಿತ್ತು ಅವಂಗೆ."

ಬಿಲ್ಲೆ ತಂದು ಹಂಡೆಯ ಕಂಠಕ್ಕೆ ಹಿಡಿದೆ. ಬಿಸಿಲಿಗೆ ತಿರುಗಿಸಿದರೆ ಬಿಲ್ಲೆಯ ಏಳರ ಹೊಟ್ಟೆಯಲ್ಲೊಂದು ಸಣ್ಣ ಅಡ್ಡಗೆರೆ ಇತ್ತು. ಹಂಡೆಯ ಏಳರಲ್ಲೂ ಇತ್ತು. ಪಕ್ಕದ ಮನೆಯ ಅಕ್ಕ ಏನೂ ಅರ್ಥವಾಗದೆ ನಮ್ಮಿಬ್ಬರ ಮುಖ ನೋಡಿ, "ಹಂಡೆ ನಿಮ್ದೇ ಹೌದಲ್ದಾ ಮಾರಾಯ್ತಿ?" ಎಂದಳು. ಅತ್ತೆ ಹಂಡೆಯನ್ನು ತಬ್ಬಿಕೊಂಡು ನಗುತ್ತಿದ್ದಳು, ಕಣ್ಣಲ್ಲಿ ನೀರು ಬೇರೆ.

ಗಣಿ ಊರಿನ ಮೇಷ್ಟ್ರಿಗೆ ಫೋನ್ ಮಾಡಿದೆ. ಮರುದಿನ ಮಧ್ಯಾಹ್ನ ಭಟ್ಕಳ ಬಸ್‌ಸ್ಟ್ಯಾಂಡಿನಲ್ಲಿ ಇರುವಾಗ ಹಾಜರಿ ಪುಸ್ತಕದ ಹಾಳೆಯ ಫೋಟೊ ಬಂತು. ಮಾಸಿದ ಮಸಿ, ಇಂಗ್ಲಿಷ್ ಕೈಬರಹ. ಏಳು ಸೊನ್ನೆ ಒಂಬತ್ತು. ಅಜ್ಜನ ಹೆಸರು, ಒಂದಕ್ಷರ ತಪ್ಪು. ಕೆಲಸ, ಸುರಂಗದೊಳಗೆ ಮರದ ಆಸರೆ ಕಟ್ಟುವ ಬಡಗಿ. ಊರು ಕುಮಟಾ, ಸಾಹೇಬರ ಕಾಲದ ವಕ್ರ ಸ್ಪೆಲಿಂಗಿನಲ್ಲಿ. ದೋಣಿ ಕಟ್ಟುವ ಕೈ ಮಣ್ಣಿನಡಿಯಲ್ಲಿ ಮರ ಕಟ್ಟಿತ್ತು. ಅವತ್ತು ವಾಪಸ್ ಬರುವಾಗ ಬಾಗಿಲಲ್ಲಿ ನೇತಾಡುವವರಿಗೂ ನಾನು ಏನೂ ಅನ್ನಲಿಲ್ಲ. "ಮೈ ಸಮ ಇಲ್ವಾ?" ಎಂದು ಡ್ರೈವರ್ ಎರಡು ಸಲ ಕೇಳಿದ.

ಪ್ರದರ್ಶನದಲ್ಲಿ ಫೋಟೊಗಳ ಸಾಲಿನ ನಡುವೆ ಬೆಂಚಿನ ಮೇಲೆ ನಮ್ಮ ಹಂಡೆ ಕುಳಿತಿತ್ತು. ಹಿಂದೆ ಗೋಡೆಗೆ ಹಾಳೆಯ ದೊಡ್ಡ ಪ್ರತಿ, ಕೆಳಗೆ ಮಾಸ್ತರರ ಮುತ್ತಿನಂಥ ಅಕ್ಷರದಲ್ಲಿ, "ಚಿನ್ನದ ಗಣಿಯಲ್ಲಿ ಕೆಲಸ ಮಾಡಿದವರು." ಅತ್ತೆ ಕಂಡವರನ್ನೆಲ್ಲ ಕೈ ಹಿಡಿದು ಎಳೆದು ತಂದು ಆ ಸಾಲನ್ನು ಓದಿಸಿದಳು. ಪಾಟಿಯ ಪೆಟ್ಟು ತಿಂದ ಹುಡುಗಿಯೂ ಬಂದಿದ್ದಳು, ಈಗ ಮುಮ್ಮಕ್ಕಳ ಅಜ್ಜಿ. ಅವಳಿಗೆ ಎರಡು ಸಲ ಓದಿಸಿದಳು. "ಆತೇ ಮಾರಾಯ್ತಿ, ಇನ್ನೊಂದು ಪಾಟಿ ಒಡೀಬೇಡ" ಎಂದು ಅವಳು ತಲೆ ಮುಟ್ಟಿಕೊಂಡಳು. ಇಬ್ಬರೂ ಒಂದೇ ಬೆಂಚಿನಲ್ಲಿ ಕುಳಿತು ಅವಲಕ್ಕಿ ತಿಂದರು.

ಕೊನೆಗೆ ಅತ್ತೆ ಸೊಂಟದಿಂದ ಒಂದು ಮೊಳೆ ತೆಗೆದಳು. ಮನೆಯಿಂದಲೇ ತಂದಿದ್ದಳು. ಹಾಳೆಯ ಪಕ್ಕದಲ್ಲಿ ಮಾಸ್ತರರಿಂದ ಹೊಡೆಸಿ, ನನ್ನ ಸೀಟಿಯ ದಾರದಿಂದ ಬಿಲ್ಲೆ ಬಿಚ್ಚಿ, ಅದಕ್ಕೆ ಹಾಕಿದಳು.

"ಆತು. ಅಪ್ಪ ಮೇಲೆ ಬಂದ" ಎಂದಳು.

ಈಗ ಆ ಮೊಳೆ ನಮ್ಮ ಜಗಲಿಯ ಗೋಡೆಯಲ್ಲಿದೆ. ಡ್ಯೂಟಿಗೆ ಹೋಗುವಾಗ ಬಿಲ್ಲೆ ಒಯ್ಯುತ್ತೇನೆ, ಬಂದು ಮೊಳೆಗೆ ಹಾಕುತ್ತೇನೆ. ಮೊನ್ನೆ ಶರಾವತಿ ಸೇತುವೆಯ ಹತ್ತಿರ ಬಸ್ಸು ಕೆಟ್ಟು ಎರಡು ತಾಸು ತಡವಾಯಿತು. ಮನೆಗೆ ಬಂದರೆ ಅತ್ತೆ ಖಾಲಿ ಮೊಳೆಯ ಎದುರು ಕುಳಿತಿದ್ದಾಳೆ. ನಾನು ಚಪ್ಪಲಿ ಬಿಟ್ಟು ಬಚ್ಚಲ ಕಡೆ ತಿರುಗಿದೆ.

"ಮೊದ್ಲು ಬಿಲ್ಲೆ ಹಾಕು, ಆಮೇಲೆ ಕಾಲು ತೊಳಿ" ಎಂದಳು.